ಜಗತ್ತು ಏನು ಅಂದ್ಕೊಂಡಿದೆ ಅಂತ ಹೇಳೋ ಸರ್ವೆಗಳನ್ನ ಓದೋದು ಹೇಗೆ

"ವಿಶ್ವದ ನಂಬರ್ ಒನ್ ಜನಪ್ರಿಯ ನಾಯಕ" ಅಂತ ಒಂದು ಪಟ್ಟಿ ವರ್ಷದಲ್ಲಿ ನಾಲ್ಕೈದು ಸಲ ಎಲ್ಲರ ಫೋನಿಗೂ ಬಂದು ಬೀಳುತ್ತೆ, ಮೇಲುಗಡೆ ನರೇಂದ್ರ ಮೋದಿ ಶೇ. 75ರ ಆಸುಪಾಸು, ಕೆಳಗೆ ಬೇರೆ ಬೇರೆ ದೇಶದ ಪ್ರಧಾನಿಗಳು ಅಧ್ಯಕ್ಷರು ಸಾಲಾಗಿ. ಇದು ಮಾರ್ನಿಂಗ್ ಕನ್ಸಲ್ಟ್ ಅನ್ನೋ ಅಮೆರಿಕದ ಕಂಪನಿ ನಡೆಸೋ ಟ್ರ್ಯಾಕರ್. ಸಂಖ್ಯೆ ಸುಳ್ಳಲ್ಲ, ಆದ್ರೆ ಅದ್ರ ಮೇಲೆ ಅಂಟಿಸಿರೋ ಹೆಡ್ಡಿಂಗ್ ತಪ್ಪು. ಯಾಕಂದ್ರೆ ಅಲ್ಲಿ ಪ್ರತಿ ದೇಶದವರನ್ನೂ ಅವರವರ ನಾಯಕನ ಬಗ್ಗೆ ಮಾತ್ರ ಕೇಳ್ತಾರೆ. ಭಾರತದವರನ್ನ ಮೋದಿ ಬಗ್ಗೆ, ಜರ್ಮನಿಯವರನ್ನ ಜರ್ಮನ್ ಚಾನ್ಸಲರ್ ಬಗ್ಗೆ, ಜಪಾನಿನವರನ್ನ ಜಪಾನ್ ಪ್ರಧಾನಿ ಬಗ್ಗೆ. ಜಪಾನಿನವರಿಗೆ ಮೋದಿ ಹೇಗನ್ನಿಸ್ತಾರೆ ಅಂತ ಆ ಟ್ರ್ಯಾಕರ್‌ನಲ್ಲಿ ಯಾರೂ ಯಾರನ್ನೂ ಕೇಳಿಲ್ಲ. ಜೊತೆಗೆ ಅದು ಪೂರ್ತಿ ಆನ್‌ಲೈನ್ ಸರ್ವೆ, ಭಾರತದ ಮಟ್ಟಿಗೆ ಅದು ಓದುಬರಹ ಬಲ್ಲ ವಯಸ್ಕರನ್ನ ಪ್ರತಿನಿಧಿಸುತ್ತೆ ಅಂತ ಕಂಪನಿಯವರೇ ಬರ್ಕೊಂಡಿದ್ದಾರೆ, ಆ ಸಾಲು ಫಾರ್ವರ್ಡ್ ಆಗೋ ಫೋಟೋದಲ್ಲಿ ಇರಲ್ಲ.

ಈಗ ಇನ್ನೊಂದು ಸರ್ವೆ ನೋಡಿ. 2023ರಲ್ಲಿ ಪ್ಯೂ ರಿಸರ್ಚ್ ಸೆಂಟರ್ ಅನ್ನೋ ಅಮೆರಿಕದ ಸಂಶೋಧನಾ ಸಂಸ್ಥೆ 12 ದೇಶದವರನ್ನ ನೇರವಾಗಿ ಕೇಳ್ತು, ಜಗತ್ತಿನ ವಿಷಯದಲ್ಲಿ ಮೋದಿ ಸರಿಯಾದ ಹೆಜ್ಜೆ ಇಡ್ತಾರೆ ಅನ್ನೋ ನಂಬಿಕೆ ನಿಮಗಿದೆಯಾ ಅಂತ. ಅಲ್ಲಿ ಮಧ್ಯದ ಸಂಖ್ಯೆ (ಇದೇನು ಅಂತ ಮುಂದೆ ಹೇಳ್ತೀನಿ) ಬಂದದ್ದು ನಂಬಿಕೆ ಇದೆ ಶೇ. 37, ಇಲ್ಲ ಶೇ. 40. ಅದೇ ಸಂಸ್ಥೆ ಅದೇ ವರ್ಷ ಭಾರತದೊಳಗೆ ಕೇಳಿದಾಗ ಮೋದಿ ಬಗ್ಗೆ ಒಳ್ಳೇ ಅಭಿಪ್ರಾಯ ಇದೆ ಅಂದವರು ಶೇ. 79. ಮೂರು ಸಂಖ್ಯೇನೂ ನಿಜ, ಒಂದು ಇನ್ನೊಂದನ್ನ ಸುಳ್ಳು ಮಾಡಲ್ಲ, ಯಾಕಂದ್ರೆ ಮೂರೂ ಬೇರೆ ಬೇರೆ ಪ್ರಶ್ನೆಗೆ ಬೇರೆ ಬೇರೆ ಜನ ಕೊಟ್ಟ ಉತ್ತರ. ಇನ್ನೊಂದು ಸಣ್ಣ ಲೆಕ್ಕ ಮಾಡಿ, 37 ಮತ್ತೆ 40 ಸೇರಿಸಿದ್ರೆ 77. ಉಳಿದ ಕಾಲುಭಾಗದಷ್ಟು ಜನ ಏನೂ ಹೇಳಲಿಲ್ಲ, ಆ ಮನುಷ್ಯ ಯಾರು ಅಂತಾನೇ ಅವರಲ್ಲಿ ತುಂಬಾ ಜನಕ್ಕೆ ಗೊತ್ತಿರಲ್ಲ, ಗೊತ್ತಿರಬೇಕು ಅಂತಾನೂ ಇಲ್ಲ. ಒಂದು ದೇಶದಲ್ಲಿ ದಿನಾ ಟೀವೀಲಿ ಕಾಣಿಸ್ಕೊಳ್ಳೋ ಮುಖ ಇನ್ನೊಂದು ಖಂಡದಲ್ಲಿ ಬರೀ ಒಂದು ಹೆಸರು.

ನಾನು ಹೇಳೋಕೆ ಹೊರಟಿರೋದು ಇಷ್ಟೇ. ಇಂಥ ಸರ್ವೇಲಿ ಬರೋ ಸಂಖ್ಯೆ ನಾಯಕನನ್ನೋ ದೇಶವನ್ನೋ ಧರ್ಮವನ್ನೋ ತೂಕ ಹಾಕಿ ಬಂದ ಸಂಖ್ಯೆ ಅಲ್ಲ. ಅದು ಉತ್ತರ ಕೊಟ್ಟವನ ಮನಸ್ಸಿನ ಸ್ಥಿತಿ, ಅವನ ದೇಶದ ಸುದ್ದಿ, ಅವನ ಭಯ, ಅವನ ಭಾಷೆ, ಎದುರಿಗೆ ಕೂತು ಪ್ರಶ್ನೆ ಕೇಳಿದ ಮನುಷ್ಯ, ಇದೆಲ್ಲಾ ಸೇರಿ ಬಂದ ಸಂಖ್ಯೆ. ಇದನ್ನ ಮನಸ್ಸಲ್ಲಿ ಇಟ್ಕೊಂಡು ಓದಿದ್ರೆ ಈ ಸರ್ವೆಗಳು ನಿಜಕ್ಕೂ ತುಂಬಾ ಕಲಿಸ್ತವೆ, ಮರೆತು ಓದಿದ್ರೆ ಬರೀ ಜಗಳಕ್ಕೆ ಆಗ್ತವೆ.

ಎಲ್ಲಕ್ಕಿಂತ ಮುಂಚೆ ಬರೋ ಅನುಮಾನ ಒಂದೇ, "ನನ್ನನ್ನ ಯಾರೂ ಕೇಳಿಲ್ವಲ್ಲಾ, ಬರೀ ಸಾವಿರ ಜನರನ್ನ ಕೇಳಿ ಕೋಟಿಗಟ್ಟಲೆ ಜನರ ಬಗ್ಗೆ ಹೇಗೆ ಹೇಳ್ತಾರೆ?" ಇದಕ್ಕೆ ಉತ್ತರ 1936ರಲ್ಲೇ ಸಿಕ್ಕಿದೆ. ಆ ವರ್ಷ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಲಿಟರರಿ ಡೈಜೆಸ್ಟ್ ಅನ್ನೋ ವಾರಪತ್ರಿಕೆ ಸುಮಾರು 1 ಕೋಟಿ ಜನಕ್ಕೆ ಅಂಚೆಯಲ್ಲಿ ಕಾರ್ಡ್ ಕಳಿಸ್ತು, 20 ಲಕ್ಷಕ್ಕೂ ಜಾಸ್ತಿ ಜನ ತುಂಬಿ ವಾಪಸ್ ಕಳಿಸಿದ್ರು, ಅದನ್ನೆಲ್ಲಾ ಎಣಿಸಿ ಆಲ್ಫ್ ಲ್ಯಾಂಡನ್ ಗೆಲ್ತಾರೆ ಅಂತ ಬರೆದ್ರು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನ ಬಾಚ್ಕೊಂಡು. ಸರ್ವೆ ನಡೆಸ್ತಿದ್ದ ಜಾರ್ಜ್ ಗ್ಯಾಲಪ್ ಅದರ ತುಂಬಾ ಸಣ್ಣ ಭಾಗದಷ್ಟು ಜನರನ್ನ ಮಾತ್ರ ಕೇಳಿ ರೂಸ್‌ವೆಲ್ಟ್ ಗೆಲ್ತಾರೆ ಅಂತ ಸರಿಯಾಗಿ ಹೇಳಿದ್ರು. ಪತ್ರಿಕೆಯವರು ಹೆಸರು ಆರಿಸಿದ್ದು ಫೋನ್ ಡೈರೆಕ್ಟರಿ, ಕಾರು ಇಟ್ಕೊಂಡವರ ಪಟ್ಟಿ ಇಂಥದ್ರಿಂದ, ಅವತ್ತಿನ ಆರ್ಥಿಕ ಕುಸಿತದಲ್ಲಿ ಫೋನು ಕಾರು ಇದ್ದವರು ಅಂದ್ರೆ ಉಳ್ಳವರು, ಮತ್ತೆ ಕಾರ್ಡ್ ತುಂಬಿ ಕಳಿಸೋಷ್ಟು ಆಸಕ್ತಿ ತೋರಿಸಿದವರಲ್ಲಿ ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರೇ ಜಾಸ್ತಿ. ಎಷ್ಟು ಜನರನ್ನ ಕೇಳಿದ್ರಿ ಅನ್ನೋದಕ್ಕಿಂತ ಹೇಗೆ ಆರಿಸಿದ್ರಿ ಅನ್ನೋದೇ ದೊಡ್ಡದು. ಹಾಗಂತ ಗ್ಯಾಲಪ್ ಕೂಡ ಯಾವಾಗಲೂ ಸರಿ ಇರಲಿಲ್ಲ, 1948ರಲ್ಲಿ ಡ್ಯೂಯಿ ಗೆಲ್ತಾರೆ ಅಂತ ಹೇಳಿ ಟ್ರೂಮನ್ ಗೆದ್ದಾಗ ಅವರೂ ತಮ್ಮ ವಿಧಾನವನ್ನ ತಿದ್ದಿಕೊಳ್ಳಬೇಕಾಯ್ತು.

ಜನರನ್ನ ಚೀಟಿ ಎತ್ತಿದ ಹಾಗೆ ಸರಿಯಾಗಿ ಆರಿಸಿದ್ರೆ ಸಾವಿರ ಜನರ ಸರ್ವೇಲಿ ತಪ್ಪು ಸುಮಾರು ಆಚೆ ಈಚೆ ಮೂರು ಪರ್ಸೆಂಟ್ ಒಳಗೆ ಇರುತ್ತೆ, ದೇಶದಲ್ಲಿ 1 ಕೋಟಿ ಜನ ಇರಲಿ 100 ಕೋಟಿ ಇರಲಿ ಅದರಲ್ಲಿ ಹೆಚ್ಚು ವ್ಯತ್ಯಾಸ ಆಗಲ್ಲ. ತಪ್ಪನ್ನ ಅರ್ಧ ಮಾಡಬೇಕಂದ್ರೆ ನಾಲ್ಕು ಪಟ್ಟು ಜನ ಬೇಕು, ಖರ್ಚೂ ಹಾಗೇ ಏರುತ್ತೆ, ಅದಕ್ಕೇ ಎಲ್ಲರೂ ಸಾವಿರದ ಆಸುಪಾಸಿಗೆ ನಿಲ್ಲಿಸ್ತಾರೆ. ಆದ್ರೆ "ಸರಿಯಾಗಿ ಆರಿಸಿದ್ರೆ" ಅನ್ನೋ ಮಾತೇ ಈಗ ಕಷ್ಟ ಆಗಿರೋದು. ಅಮೆರಿಕದಲ್ಲಿ ಪ್ಯೂ ಫೋನ್ ಮಾಡಿದ್ರೆ 1997ರಲ್ಲಿ ನೂರಕ್ಕೆ 36 ಜನ ಮಾತಾಡ್ತಿದ್ರು, 2018ರ ಹೊತ್ತಿಗೆ ಅದು 6ಕ್ಕೆ ಇಳಿದಿತ್ತು. ಹಾಗಾಗಿ ಎಷ್ಟೋ ಶ್ರೀಮಂತ ದೇಶಗಳಲ್ಲಿ ಈಗ ಆನ್‌ಲೈನ್ ಪ್ಯಾನೆಲ್ ಬಳಸ್ತಾರೆ, ಅಂದ್ರೆ ಮೊದಲೇ ಸೇರಿಸಿಟ್ಟ ಜನರ ಗುಂಪಿಗೆ ಇಂಟರ್ನೆಟ್ಟಲ್ಲೇ ಪ್ರಶ್ನೆ ಕಳಿಸ್ತಾರೆ, ಬೇರೆ ಎಷ್ಟೋ ದೇಶಗಳಲ್ಲಿ ಇನ್ನೂ ಮನೆಮನೆಗೆ ಹೋಗಿ ಕೂತು ಕೇಳ್ತಾರೆ, ಒಂದೇ ಪಟ್ಟಿಯ ಎರಡು ಸಾಲುಗಳು ಹೀಗೆ ಎರಡು ಬೇರೆ ದಾರಿಯಿಂದ ಬಂದಿರಬಹುದು.

ಹೆಸರುಗಳ ವಿಷಯದಲ್ಲೂ ಸ್ವಲ್ಪ ಎಚ್ಚರ ಇರಲಿ. ಜಾರ್ಜ್ ಗ್ಯಾಲಪ್ ಕಟ್ಟಿದ ಗ್ಯಾಲಪ್ ಕಂಪನಿ ಬೇರೆ, ಗ್ಯಾಲಪ್ ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಬೇರೆ, ಎರಡಕ್ಕೂ ಈಗ ಸಂಬಂಧ ಇಲ್ಲ. 2013ರ ಕೊನೇಲಿ ಜಗತ್ತಿನ ಶಾಂತಿಗೆ ಅತಿ ದೊಡ್ಡ ಅಪಾಯ ಯಾವ ದೇಶ ಅಂತ ಕೇಳಿದಾಗ ಅಮೆರಿಕ ಶೇ. 24, ಪಾಕಿಸ್ತಾನ ಶೇ. 8, ಚೀನಾ ಶೇ. 6 ಅಂತ ಬಂದು ಭಾರೀ ಸುದ್ದಿ ಆಯ್ತಲ್ಲ, ಅದು ಎರಡನೇದು ಇನ್ನೊಂದು ಜಾಲದ ಜೊತೆ ಸೇರಿ ಮಾಡಿದ್ದು. "ಜಗತ್ತಿನ ಪ್ರಕಾರ ಅಮೆರಿಕವೇ ಅಪಾಯ" ಅಂತ ಎಲ್ಲಾ ಕಡೆ ಬರೆದ್ರು, ಆದ್ರೆ ಮುಕ್ಕಾಲುಪಾಲು ಜನ ಅಮೆರಿಕದ ಹೆಸರೇ ಹೇಳಿರಲಿಲ್ಲ. ಒಂದೇ ಹೆಸರು ಹೇಳಿ ಅಂದಾಗ ಎಲ್ಲರಿಗೂ ಗೊತ್ತಿರೋ ದೇಶವೇ ಮೇಲೆ ಬರೋದು ಸಹಜ.

ಈಗ ನಾಯಕರ ವಿಷಯಕ್ಕೆ ಬರೋಣ, ಈ ಇಡೀ ಕ್ಷೇತ್ರದಲ್ಲಿ ನನಗೆ ಅತೀ ಇಷ್ಟ ಆಗೋ ಸಾಲು ಜರ್ಮನಿಯದ್ದು. ಅಮೆರಿಕದ ಅಧ್ಯಕ್ಷರ ಮೇಲೆ ನಂಬಿಕೆ ಇದೆಯಾ ಅಂತ ಪ್ಯೂ ಅಲ್ಲಿ ವರ್ಷಾನುಗಟ್ಟಲೆ ಒಂದೇ ಪ್ರಶ್ನೆ ಕೇಳ್ಕೊಂಡು ಬಂದಿದೆ. 2008ರಲ್ಲಿ ಬುಷ್ ಮೇಲೆ ಶೇ. 14. ಮರುವರ್ಷ ಒಬಾಮ ಬಂದ್ರು, ಶೇ. 93. 2016ರಲ್ಲೂ ಒಬಾಮಾಗೆ ಶೇ. 86 ಇತ್ತು, 2017ರಲ್ಲಿ ಟ್ರಂಪ್ ಬಂದಾಗ ಶೇ. 11. 2020ರಲ್ಲಿ 10, 2021ರಲ್ಲಿ ಬೈಡನ್ ಬಂದ ತಕ್ಷಣ 78. ಜರ್ಮನಿಯ ಜನ ಬದಲಾಗಲಿಲ್ಲ, ಅಮೆರಿಕ ಅನ್ನೋ ದೇಶವೂ ಒಂದೇ ಜನವರಿಯಲ್ಲಿ ಬೇರೆ ದೇಶ ಆಗಲಿಲ್ಲ, ಕುರ್ಚಿ ಮೇಲೆ ಕೂತವರು ಬದಲಾದ್ರು. ಆದ್ರೆ ಅದೇ ಜರ್ಮನಿಯಲ್ಲಿ "ಅಮೆರಿಕ ದೇಶದ ಬಗ್ಗೆ ನಿಮ್ಮ ಅಭಿಪ್ರಾಯ ಒಳ್ಳೇದಾ ಕೆಟ್ಟದಾ" ಅಂತ ಕೇಳಿದ್ರೆ 2016ರಲ್ಲಿ ಒಳ್ಳೇದು ಅಂದವರು 57, 2017ರಲ್ಲಿ 35. ಅಲ್ಲೂ ಇಳೀತು, ಆದ್ರೆ 22 ಅಂಕ, ಅಧ್ಯಕ್ಷನ ಮೇಲಿನ ನಂಬಿಕೆ ಬಿದ್ದದ್ದು 75 ಅಂಕ. ಅಂದ್ರೆ ಜನ ನಾಯಕನನ್ನೂ ದೇಶವನ್ನೂ ಮನಸ್ಸಲ್ಲಿ ಬೇರೆ ಬೇರೆ ಖಾನೆಯಲ್ಲಿ ಇಟ್ಟಿರ್ತಾರೆ, ಮಧ್ಯೆ ಗೋಡೆ ಪೂರ್ತಿ ಇಲ್ಲ ಅಷ್ಟೇ. 2003ರಲ್ಲಿ ಇರಾಕ್ ಯುದ್ಧ ಆದ್ಮೇಲೆ ಫ್ರಾನ್ಸ್ ಜರ್ಮನಿಗಳಲ್ಲಿ ಅಮೆರಿಕದ ಬಗ್ಗೆ ಬೇಸರ ಇದೆ ಅಂದವರನ್ನ ಕೇಳಿದಾಗ, ಸುಮಾರು ಮುಕ್ಕಾಲು ಭಾಗ ಜನ "ನಮ್ಮ ಬೇಸರ ಮುಖ್ಯವಾಗಿ ಬುಷ್ ಮೇಲೆ" ಅಂತಾನೇ ಹೇಳಿದ್ರು.

ಹಾಗಂತ ಒಬಾಮಾನ ಜಗತ್ತೆಲ್ಲಾ ಮೆಚ್ಚಿತು ಅಂತ ಬರೆದ್ರೆ ಅದೂ ತಪ್ಪೇ. ಅದೇ 2009ರಲ್ಲಿ ಪಾಕಿಸ್ತಾನದಲ್ಲಿ ಒಬಾಮ ಮೇಲೆ ನಂಬಿಕೆ ಇಟ್ಟವರು ಶೇ. 13 ಮಾತ್ರ. ಅಲ್ಲಿನ ಜನಕ್ಕೆ ಅಮೆರಿಕ ಅಂದ್ರೆ ಭಾಷಣ ಅಲ್ಲ, ಗಡಿಯ ಆ ಕಡೆಯ ಯುದ್ಧ, ತಲೆ ಮೇಲೆ ಹಾರೋ ಡ್ರೋನ್. ಹಾಗೇನೇ 2017ರಲ್ಲಿ ಪ್ಯೂ ಕೇಳಿದ 37 ದೇಶಗಳಲ್ಲಿ ಒಬಾಮಾಗಿಂತ ಟ್ರಂಪ್‌ಗೆ ಜಾಸ್ತಿ ನಂಬಿಕೆ ಸಿಕ್ಕಿದ್ದು ಎರಡೇ ದೇಶದಲ್ಲಿ, ರಷ್ಯಾ ಮತ್ತೆ ಇಸ್ರೇಲ್. ರಷ್ಯಾದಲ್ಲಿ 11ರಿಂದ 53ಕ್ಕೆ ಏರಿತ್ತು. ಒಂದೇ ಮನುಷ್ಯನ ಬಗ್ಗೆ, ಒಂದೇ ತಿಂಗಳುಗಳಲ್ಲಿ, ಜರ್ಮನಿಯವರು 11 ಅಂತಾರೆ ರಷ್ಯಾದವರು 53 ಅಂತಾರೆ. ಟ್ರಂಪ್ ಹೇಗೆ ಅಂತ ಈ ಎರಡು ಸಂಖ್ಯೆಯಿಂದ ತಿಳಿಯಲ್ಲ, ಆ ಹೊತ್ತಿಗೆ ಬರ್ಲಿನ್ ಮತ್ತೆ ಮಾಸ್ಕೋದಲ್ಲಿ ಜನ ಅಮೆರಿಕದಿಂದ ಏನನ್ನ ಬಯಸ್ತಿದ್ರು, ಏನಕ್ಕೆ ಹೆದರ್ತಿದ್ರು ಅಂತ ತಿಳಿಯುತ್ತೆ.

ಇಲ್ಲಿ "ಮಧ್ಯದ ಸಂಖ್ಯೆ" ಅಂತ ನಾನು ಆಗಲೇ ಒಂದು ಮಾತು ಬಳಸಿದ್ದೆ, ಅದನ್ನ ಬಿಡಿಸಿ ಹೇಳ್ತೀನಿ. ಪ್ಯೂ ವರದಿಗಳಲ್ಲಿ "37 ದೇಶಗಳಲ್ಲಿ ಶೇ. 22 ಜನಕ್ಕೆ ಟ್ರಂಪ್ ಮೇಲೆ ನಂಬಿಕೆ" ಅಂತ ಬಂದ್ರೆ ಅದು ಎಲ್ಲಾ ದೇಶದ ಜನರನ್ನ ಸೇರಿಸಿ ತೆಗೆದ ಸರಾಸರಿ ಅಲ್ಲ. 37 ದೇಶದ ಸಂಖ್ಯೆಗಳನ್ನ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸಿ ನಟ್ಟನಡುವೆ ನಿಂತ ದೇಶದ ಸಂಖ್ಯೆಯನ್ನ ಎತ್ಕೊಳ್ತಾರೆ, ಮೀಡಿಯನ್ ಅನ್ನೋದು ಅದೇ. ಇಲ್ಲಿ ಸಣ್ಣ ದೇಶಕ್ಕೂ ದೊಡ್ಡ ದೇಶಕ್ಕೂ ಒಂದೇ ತೂಕ. ಮುಂದಿನ ವರ್ಷ ಐದು ದೇಶ ಬಿಟ್ಟು ಬೇರೆ ಐದು ಸೇರಿಸಿದ್ರೆ ಯಾರ ಮನಸ್ಸೂ ಬದಲಾಗದೇ ಮೀಡಿಯನ್ ಬದಲಾಗಬಹುದು. ಅದಕ್ಕೇ ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಒಂದೇ ದೇಶದ ಸಾಲನ್ನ ಹಿಡ್ಕೊಂಡು ಹೋಗೋದು ಒಳ್ಳೇದು, "ಜಗತ್ತು" ಅನ್ನೋ ಸಾಲನ್ನಲ್ಲ.

ಒಂದೇ ದೇಶದ ಸಾಲು ಎಷ್ಟು ಮಾತಾಡುತ್ತೆ ಅನ್ನೋಕೆ ಇಂಡೋನೇಷ್ಯಾ ನೋಡಿ. ಅಮೆರಿಕದ ಬಗ್ಗೆ ಒಳ್ಳೇ ಅಭಿಪ್ರಾಯ 2002ರಲ್ಲಿ ಶೇ. 61 ಇತ್ತು, ಇರಾಕ್ ಮೇಲೆ ದಾಳಿ ಆದ 2003ರಲ್ಲಿ 15ಕ್ಕೆ ಕುಸೀತು. 2004ರ ಡಿಸೆಂಬರ್ 26ಕ್ಕೆ ಸುನಾಮಿ ಬಂತು, ಅಲ್ಲಿನ ಅಚೇ ಅನ್ನೋ ಪ್ರಾಂತ್ಯದಲ್ಲಿ ಊರಿಗೆ ಊರೇ ಕೊಚ್ಚಿ ಹೋಯ್ತು, ಅಮೆರಿಕದ ಹಡಗು ಹೆಲಿಕಾಪ್ಟರ್‌ಗಳು ನೀರು ಔಷಧಿ ಹೊತ್ತು ಬಂದ್ವು, 2005ರಲ್ಲಿ ಆ ಸಂಖ್ಯೆ 38ಕ್ಕೆ ಏರಿತು. ಅಧ್ಯಕ್ಷರು ಆಗಲೂ ಬುಷ್ ಅವರೇ, ಯುದ್ಧ ನಡೀತಾನೇ ಇತ್ತು, ಆದ್ರೂ ಏರಿತು. ಹೊರದೇಶದವರ ಬಗ್ಗೆ ಜನಕ್ಕೆ ಕಲ್ಲಿನಂಥ ಪೂರ್ವಗ್ರಹ ಇರುತ್ತೆ ಅಂತ ಹೇಳೋರಿಗೆ ನಾನು ಯಾವಾಗಲೂ ಈ ಮೂರು ವರ್ಷದ ಸಾಲನ್ನ ತೋರಿಸ್ತೀನಿ. ಬೀಳೋದೂ ಬೇಗ, ಏಳೋದೂ ಸಾಧ್ಯ. ಅದರ ಪಕ್ಕದಲ್ಲೇ ಆಸ್ಟ್ರೇಲಿಯಾ ಇಡಬಹುದು, ಅಲ್ಲಿ ಚೀನಾ ಬಗ್ಗೆ ಕೆಟ್ಟ ಅಭಿಪ್ರಾಯ ಇದ್ದವರು 2019ರಲ್ಲಿ ಶೇ. 57, ಕೋವಿಡ್ ಮತ್ತೆ ವ್ಯಾಪಾರದ ಜಗಳ ಎರಡೂ ಸೇರಿ 2020ರಲ್ಲಿ 81.

ನಮ್ಮ ದೇಶ ಹೊರಗೆ ಹೇಗೆ ಕಾಣುತ್ತೆ ಅನ್ನೋದ್ರಲ್ಲಂತೂ ಎಲ್ಲಾ ದೇಶದವರೂ ತಪ್ಪು ಲೆಕ್ಕ ಹಾಕ್ತಾರೆ. ಇತ್ತೀಚೆಗೆ ಜಗತ್ತಲ್ಲಿ ಭಾರತದ ಪ್ರಭಾವ ಜಾಸ್ತಿ ಆಗಿದೆ ಅಂತ 2023ರ ಆಸುಪಾಸು ಹತ್ತರಲ್ಲಿ ಏಳು ಭಾರತೀಯರು ಹೇಳಿದ್ರು, ಬೇರೆ 19 ದೇಶಗಳಲ್ಲಿ ಹಾಗಂದವರ ಮೀಡಿಯನ್ ಶೇ. 28. ಇದು ಅವಮಾನದ ಮಾತಲ್ಲ, ಮನೆಯೊಳಗಿನ ದೀಪ ಮನೆಯವರಿಗೆ ದೊಡ್ಡದಾಗಿ ಕಾಣೋದು ಸಹಜ, ಬೀದಿಯಲ್ಲಿ ಹೋಗೋನಿಗೆ ನೂರು ಮನೆ ದೀಪ ಇವೆ.

ಇನ್ನು ಧರ್ಮ. ಇಲ್ಲಿ ಸ್ವಲ್ಪ ನಿಧಾನ ಆಗೋದು ಒಳ್ಳೇದು, ಯಾಕಂದ್ರೆ ಅತಿ ಹೆಚ್ಚು ತಪ್ಪು ಓದು ಆಗೋದು ಇಲ್ಲೇ.

ಕನ್ನಡದಲ್ಲೇ ಶುರು ಮಾಡೋಣ. "ಮತ" ಅಂದ್ರೆ ಏನು? ನನ್ನ ಮತ ಏನಂದ್ರೆ ಅಂದ್ರೆ ಅಭಿಪ್ರಾಯ, ಮತ ಹಾಕ್ದೆ ಅಂದ್ರೆ ಓಟು, ಜಾತಿ ಮತ ಅಂದ್ರೆ ರಿಲಿಜನ್. ಅಭಿಪ್ರಾಯ, ಓಟು, ರಿಲಿಜನ್ ಮೂರಕ್ಕೂ ಒಂದೇ ಪದ ಇಟ್ಕೊಂಡಿರೋ ಭಾಷೆ ನಮ್ಮದು. "ಧರ್ಮ" ತಗೊಳ್ಳಿ, ದಾನಧರ್ಮ ಅಂದ್ರೆ ಒಂದು, ಇದು ನಿನಗೆ ಧರ್ಮಾನಾ ಅಂದ್ರೆ ಇನ್ನೊಂದು, ಅರ್ಜಿಯಲ್ಲಿ ಧರ್ಮ ಅನ್ನೋ ಖಾನೆ ಮತ್ತೊಂದು. ಈಗ "ನಿಮ್ಮ ಬದುಕಲ್ಲಿ ಧರ್ಮ ಎಷ್ಟು ಮುಖ್ಯ?" ಅಂತ ಕನ್ನಡದಲ್ಲಿ ಕೇಳಿದ್ರೆ ಯಾರು ತಾನೇ ಮುಖ್ಯ ಅಲ್ಲ ಅಂತಾರೆ, ಧರ್ಮ ಮುಖ್ಯ ಅಲ್ಲ ಅಂದ್ರೆ ನೀತಿಗೆಟ್ಟವನು ಅಂತ ಕೇಳಿಸುತ್ತೆ. ಅದೇ ಪ್ರಶ್ನೆ ಸ್ವೀಡಿಶ್ ಭಾಷೆಯಲ್ಲಿ ಕೇಳಿದ್ರೆ ಕಿವಿಗೆ ಬೀಳೋ ಅರ್ಥ ಬೇರೆ, ಚರ್ಚು, ಭಾನುವಾರ, ಪಾದ್ರಿ.

ಚೀನಾದಲ್ಲಿ ಇದು ಇನ್ನೂ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತೆ. ಅಲ್ಲಿ ರಿಲಿಜನ್‌ಗೆ ಇರೋ ಪದ ಜೊಂಗ್‌ಜ್ಯಾವ್, ಕೇಳಿದ ತಕ್ಷಣ ಮನಸ್ಸಿಗೆ ಬರೋದು ಸಂಘಟನೆ ಇರೋ ಧರ್ಮ, ನೋಂದಣಿ, ಸರ್ಕಾರದ ಕಣ್ಣು. 2018ರ ಒಂದು ದೊಡ್ಡ ಸರ್ವೇಲಿ "ನಿಮ್ಮ ಜೊಂಗ್‌ಜ್ಯಾವ್ ಯಾವುದು" ಅಂತ ಕೇಳಿದಾಗ ಒಂದು ಧರ್ಮದ ಹೆಸರು ಹೇಳಿದವರು ಹತ್ತರಲ್ಲಿ ಒಬ್ಬರು. ಅದೇ ವರ್ಷದ ಇನ್ನೊಂದು ಸರ್ವೇಲಿ ಆ ಪದ ಬಿಟ್ಟು, ನೀವು ಏನು ನಂಬ್ತೀರಿ ಏನು ಮಾಡ್ತೀರಿ ಅಂತ ಕೇಳಿದಾಗ ಬುದ್ಧ ಅಥವಾ ಬೋಧಿಸತ್ವರನ್ನ ನಂಬ್ತೀವಿ ಅಂದವರು ಶೇ. 33, ವರ್ಷಕ್ಕೊಮ್ಮೆಯಾದ್ರೂ ಹಿರಿಯರ ಸಮಾಧಿಗೆ ಹೋಗ್ತೀವಿ ಅಂದವರು ಶೇ. 75. ಹಾಗಾದ್ರೆ ಚೀನಾ ನಾಸ್ತಿಕ ದೇಶವಾ? "ಹೌದು" ಅನ್ನೋ ಗ್ರಾಫ್ ಬೇಕಾದವರಿಗೆ ಮೊದಲ ಪ್ರಶ್ನೆ ಇದೆ, "ಅಲ್ಲ" ಅನ್ನೋರಿಗೆ ಎರಡನೇದು. ಜಪಾನಲ್ಲಿ ತಿರುಗುಮುರುಗು, ಸರ್ವೇಲಿ ನನಗೆ ಯಾವ ಧರ್ಮಾನೂ ಇಲ್ಲ ಅನ್ನೋರೇ ಜಾಸ್ತಿ, ಆದ್ರೆ ದೇಗುಲಗಳು ಕೊಡೋ ಲೆಕ್ಕದಲ್ಲಿ ಶಿಂಟೋ ಮತ್ತು ಬೌದ್ಧ ಅನುಯಾಯಿಗಳನ್ನ ಕೂಡಿದ್ರೆ ದೇಶದ ಜನಸಂಖ್ಯೆಗಿಂತ ಜಾಸ್ತಿ ಆಗುತ್ತೆ, ಯಾಕಂದ್ರೆ ಒಂದೇ ಮನೆಯವರು ಎರಡೂ ಕಡೆ ಎಣಿಕೆಗೆ ಸಿಕ್ತಾರೆ, ಅವರಿಗೆ ಅದರಲ್ಲಿ ವಿರೋಧ ಏನೂ ಕಾಣಲ್ಲ.

ಪದದ ತೊಡಕು ಇದೆ ಅಂತ ಎಲ್ಲಾನೂ ಪದದ ಆಟ ಅನ್ನೋಕೂ ಆಗಲ್ಲ, ದೇಶದೇಶಗಳ ಮಧ್ಯೆ ನಿಜವಾದ ದೂರ ಇದೆ. ಒಳ್ಳೇ ಮನುಷ್ಯ ಆಗೋಕೆ ದೇವರನ್ನ ನಂಬಲೇಬೇಕಾ ಅಂತ 2019ರಲ್ಲಿ ಪ್ಯೂ 34 ದೇಶಗಳಲ್ಲಿ ಕೇಳಿದಾಗ ಇಂಡೋನೇಷ್ಯಾ ಮತ್ತೆ ಫಿಲಿಪೀನ್ಸ್‌ನಲ್ಲಿ ಶೇ. 96 ಹೌದು ಅಂದ್ರು, ಸ್ವೀಡನ್‌ನಲ್ಲಿ ಶೇ. 9. ಎಷ್ಟೇ ಅನುವಾದದ ತಪ್ಪು ಕಳೆದ್ರೂ 87 ಅಂಕದ ಅಂತರ ಕರಗಲ್ಲ. ಗಮನಿಸಬೇಕಾದ್ದು, ಇಂಡೋನೇಷ್ಯಾ ಮುಸ್ಲಿಮರು ಜಾಸ್ತಿ ಇರೋ ದೇಶ, ಫಿಲಿಪೀನ್ಸ್ ಕ್ಯಾಥೊಲಿಕ್ ದೇಶ, ಧರ್ಮ ಬೇರೆ ಆದ್ರೂ ಉತ್ತರ ಒಂದೇ. ಯಾವ ಧರ್ಮ ಅನ್ನೋದಕ್ಕಿಂತ ದೇಶದ ಸಂಪತ್ತು, ಬದುಕಿನ ಭದ್ರತೆ ಇವೇ ಇಂಥ ಉತ್ತರದ ಜೊತೆ ಹೆಚ್ಚು ಹೊಂದಿಕೊಂಡು ಹೋಗ್ತವೆ. 1981ರಿಂದ ನಡೀತಿರೋ ವರ್ಲ್ಡ್ ವ್ಯಾಲ್ಯೂಸ್ ಸರ್ವೆಯನ್ನ ಕಟ್ಟಿದ ರೊನಾಲ್ಡ್ ಇಂಗಲ್‌ಹಾರ್ಟ್ ಅವರ ಜೀವಮಾನದ ವಾದಾನೂ ಹೆಚ್ಚುಕಮ್ಮಿ ಇದೇ, ನಾಳೆ ಬದುಕಿರ್ತೀನಾ ಅನ್ನೋ ಆತಂಕ ಕಡಿಮೆ ಆದ ಕಡೆ ಧರ್ಮದ ಹಿಡಿತ ತಲೆಮಾರಿಂದ ತಲೆಮಾರಿಗೆ ಸಡಿಲ ಆಗುತ್ತೆ ಅಂತ. ಅಮೆರಿಕ ಈ ನಿಯಮಕ್ಕೆ ಬಹಳ ಕಾಲ ಹೊರಗಿತ್ತು, ಅಷ್ಟು ಶ್ರೀಮಂತ ದೇಶ ಆಗಿಯೂ 2019ರ ಆ ಪ್ಯೂ ಸರ್ವೇಲಿ ಶೇ. 44 ಜನ ದೇವರ ನಂಬಿಕೆ ಬೇಕೇಬೇಕು ಅಂದಿದ್ದಾರೆ.

ಧರ್ಮದ ಪ್ರಶ್ನೆಗೆ ಜನ ನಿಜ ಹೇಳ್ತಾರಾ ಅನ್ನೋದು ಮುಂದಿನ ಗಂಟು. ಅಮೆರಿಕದಲ್ಲಿ ಹತ್ತಾರು ವರ್ಷ ಸರ್ವೆಗಳಲ್ಲಿ ವಾರವಾರ ಚರ್ಚಿಗೆ ಹೋಗ್ತೀವಿ ಅನ್ನೋರು ಸುಮಾರು ಶೇ. 40 ಬರ್ತಿತ್ತು. 1993ರಲ್ಲಿ ಮೂವರು ಸಂಶೋಧಕರು ಓಹಾಯೋ ರಾಜ್ಯದ ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆ ಥರ) ಚರ್ಚುಗಳ ಹಾಜರಿಯನ್ನೇ ಲೆಕ್ಕ ಹಾಕಿ ನೋಡಿದ್ರು, ನಿಜವಾಗಿ ಬರೋರು ಹೇಳ್ಕೊಂಡವರ ಹೆಚ್ಚುಕಮ್ಮಿ ಅರ್ಧ. ಇವರೆಲ್ಲಾ ಸುಳ್ಳುಗಾರರು ಅಂತ ನಾನು ಹೇಳಲ್ಲ. "ಹೋದ ವಾರ ಹೋಗಿದ್ರಾ" ಅನ್ನೋ ಪ್ರಶ್ನೆ ಅವರಿಗೆ "ನೀವು ಚರ್ಚಿಗೆ ಹೋಗೋ ಥರದ ಮನುಷ್ಯನಾ" ಅಂತ ಕೇಳಿಸಿತು, ಹೌದು ಅಂದ್ರು. ಕೈರೋದಲ್ಲಿ ಇನ್ನೊಂದು ಪ್ರಯೋಗ ಆಯ್ತು, ಸುಮಾರು 1200 ಹೆಂಗಸರನ್ನ ಧರ್ಮದ ಆಚರಣೆ ಬಗ್ಗೆ ಕೇಳಿದ್ರು, ಕೆಲವರ ಮನೆಗೆ ತಲೆಗೆ ಬಟ್ಟೆ ಕಟ್ಟಿದ ಹೆಣ್ಣುಮಗಳು ಹೋದಳು, ಇನ್ನು ಕೆಲವರ ಮನೆಗೆ ತಲೆ ಬಿಟ್ಟುಕೊಂಡವಳು. ಪ್ರಶ್ನೆ ಅವೇ, ಊರು ಅದೇ. ತಲೆಗೆ ಬಟ್ಟೆ ಕಟ್ಟಿದವಳ ಎದುರಿಗೆ ಮುಸ್ಲಿಂ ಹೆಂಗಸರು ತಾವು ಜಾಸ್ತಿ ಧಾರ್ಮಿಕರು ಅಂತ ಹೇಳಿದ್ರು. ವರದಿಯಲ್ಲಿ ಬರೋದು ಪರ್ಸೆಂಟ್ ಮಾತ್ರ, ಬಾಗಿಲಲ್ಲಿ ನಿಂತಿದ್ದವರು ಯಾರು ಅಂತ ಅಲ್ಲಿ ಕಾಣಲ್ಲ.

ಇನ್ನೊಂದು ಧರ್ಮದವರ ಬಗ್ಗೆ ಏನಂದ್ಕೊಂಡಿದ್ದೀರಿ ಅನ್ನೋ ಪ್ರಶ್ನೆಗೆ ಬಂದ್ರೆ ನನ್ನನ್ನ ಅತಿ ಹೆಚ್ಚು ಕಾಡಿದ ಪಟ್ಟಿ 2016ರ ಯುರೋಪಿನದ್ದು. ಮುಸ್ಲಿಮರ ಬಗ್ಗೆ ಕೆಟ್ಟ ಅಭಿಪ್ರಾಯ ಇದೆ ಅಂದವರು ಹಂಗೇರಿಯಲ್ಲಿ ಶೇ. 72, ಪೋಲೆಂಡಲ್ಲಿ ಶೇ. 66. ಬ್ರಿಟನ್, ಫ್ರಾನ್ಸ್, ಜರ್ಮನಿಗಳಲ್ಲಿ ಶೇ. 28, 29ರ ಆಸುಪಾಸು. ಈಗ ಆ ದೇಶಗಳಲ್ಲಿ ಮುಸ್ಲಿಮರು ಎಷ್ಟಿದ್ದಾರೆ ನೋಡಿ, ಫ್ರಾನ್ಸಲ್ಲಿ ನೂರಕ್ಕೆ ಎಂಟರ ಮೇಲೆ, ಜರ್ಮನಿ ಬ್ರಿಟನ್‌ನಲ್ಲಿ ಆರು ಚಿಲ್ಲರೆ, ಹಂಗೇರಿ ಪೋಲೆಂಡಲ್ಲಿ ನೂರಕ್ಕೆ ಅರ್ಧ ಜನಾನೂ ಇಲ್ಲ. ಪಕ್ಕದ ಮನೆಯಲ್ಲಿ ನೋಡಿದವರಿಗಿಂತ ಟೀವೀಲಿ ಮಾತ್ರ ನೋಡಿದವರಿಗೆ ಭಯ ಜಾಸ್ತಿ. ಅದು ನಿರಾಶ್ರಿತರ ಸುದ್ದಿ ಹಗಲೂ ರಾತ್ರಿ ಓಡ್ತಿದ್ದ ಕಾಲ, ಹಂಗೇರಿ ಸರ್ಕಾರ ಗಡಿಗೆ ಬೇಲಿ ಹಾಕಿ ಆಗಿತ್ತು. ಅದೇ ವರ್ಷ ಇಪ್ಸಾಸ್ ಸಂಸ್ಥೆ ಬೇರೆ ಥರ ಕೇಳ್ತು, ನಿಮ್ಮ ದೇಶದಲ್ಲಿ ನೂರಕ್ಕೆ ಎಷ್ಟು ಜನ ಮುಸ್ಲಿಮರು ಇದ್ದಾರೆ ಅಂತ ಊಹೆ ಮಾಡಿ ಅಂತ. ಫ್ರಾನ್ಸ್‌ನವರ ಸರಾಸರಿ ಊಹೆ 31, ಇಪ್ಸಾಸ್ ಲೆಕ್ಕದಲ್ಲಿ ನಿಜ ಇದ್ದದ್ದು 7.5. ಅಮೆರಿಕದವರ ಊಹೆ 17, ಇದ್ದದ್ದು 1. ಎಣಿಕೆಯೇ ಇಷ್ಟು ತಪ್ಪಿರುವಾಗ ಅದರ ಮೇಲೆ ನಿಂತ ಅಭಿಪ್ರಾಯ ಎಂಥದ್ದು ಅಂತ ಯೋಚನೆ ಮಾಡಿ.

ಅಭಿಪ್ರಾಯ ಹೇಳಿದ್ರೆ ತೊಂದರೆ ಆಗಬಹುದು ಅನ್ನೋ ದೇಶಗಳಲ್ಲಿ ಏನು ಮಾಡೋದು? ರಷ್ಯಾದಲ್ಲಿ ಲೆವಾಡಾ ಸೆಂಟರ್ ಅನ್ನೋ ಸ್ವತಂತ್ರ ಸಂಸ್ಥೆ ಇದೆ, 2016ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ವಿದೇಶಿ ಏಜೆಂಟ್ ಅನ್ನೋ ಹಣೆಪಟ್ಟಿ ಅಂಟಿಸಿತು, ಆದ್ರೂ ಕೆಲಸ ನಡೆಸ್ತಾ ಬಂದಿದೆ. ಅದರ ಲೆಕ್ಕದಲ್ಲಿ ಪುಟಿನ್‌ಗೆ ಬೆಂಬಲ 2022ರ ಫೆಬ್ರವರಿಯಲ್ಲಿ ಶೇ. 71, ಯುಕ್ರೇನ್ ಯುದ್ಧ ಶುರುವಾದ ಮರುತಿಂಗಳು ಶೇ. 83. ಯುದ್ಧ ಶುರುವಾದಾಗ, ದಾಳಿ ಆದಾಗ ಜನ ನಾಯಕನ ಹಿಂದೆ ನಿಲ್ಲೋದು ರಷ್ಯಾಗೆ ಮಾತ್ರ ಸೇರಿದ್ದಲ್ಲ, 2001ರ ಸೆಪ್ಟೆಂಬರ್ ದಾಳಿ ಆದ ಎರಡೇ ವಾರದಲ್ಲಿ ಬುಷ್‌ಗೆ ಬೆಂಬಲ 51ರಿಂದ 90ಕ್ಕೆ ಹಾರಿತ್ತು. ಆದ್ರೆ ರಷ್ಯಾದಲ್ಲಿ ಈ ಬೆಂಬಲದಲ್ಲಿ ಭಯ ಎಷ್ಟು ಅಂತ ತಿಳಿಯೋಕೆ ಸಂಶೋಧಕರು ಒಂದು ಉಪಾಯ ಮಾಡಿದ್ರು, 2015ರಲ್ಲಿ. ಜನರನ್ನ ಎರಡು ಗುಂಪು ಮಾಡಿ ಒಂದು ಗುಂಪಿಗೆ ಮೂರು ನಾಯಕರ ಹೆಸರು, ಇನ್ನೊಂದು ಗುಂಪಿಗೆ ಅದೇ ಮೂರರ ಜೊತೆ ಪುಟಿನ್ ಸೇರಿಸಿ ನಾಲ್ಕು ಹೆಸರು ಕೊಟ್ಟು, ಇವರಲ್ಲಿ ಯಾರನ್ನ ಅಂತ ಹೇಳಬೇಡಿ, ಎಷ್ಟು ಜನರನ್ನ ಬೆಂಬಲಿಸ್ತೀರಿ ಅಂತ ಮಾತ್ರ ಹೇಳಿ ಅಂದ್ರು. ಎರಡು ಗುಂಪಿನ ಸರಾಸರಿಯ ವ್ಯತ್ಯಾಸ ಪುಟಿನ್ ಪಾಲು, ಯಾರೊಬ್ಬರ ಗುಟ್ಟೂ ಹೊರಬೀಳಲ್ಲ. ನೇರವಾಗಿ ಕೇಳಿದಾಗ ಶೇ. 85ಕ್ಕೂ ಮೇಲೆ ಬಂದದ್ದು ಹೀಗೆ ಕೇಳಿದಾಗ 80ರ ಹತ್ತಿರ ಬಂತು. ಭಯ ಸ್ವಲ್ಪ ಇದೆ, ಆದ್ರೆ ಆ ಹೊತ್ತಿನ ಬೆಂಬಲ ಬಹುಪಾಲು ನಿಜವೇ ಆಗಿತ್ತು ಅನ್ನೋದು ಅವರ ತೀರ್ಮಾನ. ಇದು ಪುಟಿನ್ ವಿರೋಧಿಗಳಿಗೂ ಬೆಂಬಲಿಗರಿಗೂ ಪೂರ್ತಿ ಇಷ್ಟ ಆಗೋ ಮಾತಲ್ಲ, ನನಗೆ ಅದು ಪ್ರಾಮಾಣಿಕ ಕೆಲಸ ಅನ್ನಿಸುತ್ತೆ.

ಇಷ್ಟೆಲ್ಲಾ ಅಳೆದು ಏನು ಪ್ರಯೋಜನ, ಜನಾಭಿಪ್ರಾಯದಿಂದ ಏನಾದ್ರೂ ಬದಲಾಗುತ್ತಾ ಅಂತ ಕೇಳಬಹುದು. ಟರ್ಕಿಯಲ್ಲಿ ಬದಲಾಯ್ತು. 2003ರ ಮಾರ್ಚ್ 1ಕ್ಕೆ ಅಮೆರಿಕದ ಸೈನ್ಯ ತನ್ನ ನೆಲದ ಮೂಲಕ ಇರಾಕಿಗೆ ನುಗ್ಗೋಕೆ ಒಪ್ಪಿಗೆ ಕೊಡೋ ನಿರ್ಣಯ ಅಲ್ಲಿನ ಸಂಸತ್ತಿಗೆ ಬಂತು, ಪರ 264, ವಿರೋಧ 250, ತಟಸ್ಥ 19, ಹಾಜರಿದ್ದವರ ಬಹುಮತ ಸಿಗದೇ ನಿರ್ಣಯ ಬಿದ್ದೋಯ್ತು. ಹೊರಗೆ ಬೀದಿಯಲ್ಲಿ ಸಾವಿರಾರು ಜನ, ದೇಶದಲ್ಲಿ ಬಹುತೇಕ ಎಲ್ಲರೂ ಯುದ್ಧದ ವಿರುದ್ಧ, ಆಳೋ ಪಕ್ಷದ ಸದಸ್ಯರಲ್ಲೇ ಎಷ್ಟೋ ಜನ ನಿರ್ಣಯದ ವಿರುದ್ಧ ಓಟು ಹಾಕಿದ್ರು. ಅದೇ ಸಮಯದಲ್ಲಿ ಸ್ಪೇನ್‌ನಲ್ಲಿ ಸರ್ಕಾರದ್ದೇ ಸರ್ವೇಲಿ ಶೇ. 91 ಜನ ಯುದ್ಧ ಬೇಡ ಅಂದಿದ್ರೂ ಪ್ರಧಾನಿ ಅಸ್ನಾರ್ ಅಮೆರಿಕದ ಜೊತೆ ನಿಂತರು, ಸೈನ್ಯಾನೂ ಕಳಿಸಿದ್ರು. ಮರುವರ್ಷ ಮಾರ್ಚ್ 11ಕ್ಕೆ ಮ್ಯಾಡ್ರಿಡ್ ರೈಲುಗಳಲ್ಲಿ ಬಾಂಬ್ ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು, ಮೂರು ದಿನಕ್ಕೆ ನಡೆದ ಚುನಾವಣೇಲಿ ಅಸ್ನಾರ್ ಪಕ್ಷ ಸೋತು ಹೊಸ ಸರ್ಕಾರ ಸೈನ್ಯವನ್ನ ವಾಪಸ್ ಕರೆಸ್ಕೊಳ್ತು.

ಕೊನೇದಾಗಿ ಇಂಥ ವರದಿಗಳ ಜೊತೆ ಬರೋ ಜಗತ್ತಿನ ನಕ್ಷೆ ಸಿಕ್ಕಿದ್ರೆ ಬಣ್ಣ ತುಂಬಿದ ದೇಶಗಳ ಜೊತೆಗೆ ಬೂದು ಬಣ್ಣದಲ್ಲಿ ಬಿಟ್ಟಿರೋ ದೇಶಗಳನ್ನೂ ನೋಡಿ. 2002ರಲ್ಲಿ ಪ್ಯೂ ಮಾಡಿದ ಮೊದಲ ದೊಡ್ಡ ಸರ್ವೇಲಿ 44 ದೇಶ ಇದ್ವು, 2025ರಲ್ಲಿ ಅಮೆರಿಕ ಬಿಟ್ಟು 24, ವಿಶ್ವಸಂಸ್ಥೆಯಲ್ಲಿ ಇರೋ ಸದಸ್ಯ ದೇಶಗಳು 193. ಉತ್ತರ ಕೊರಿಯಾ, ಎರಿಟ್ರಿಯಾ ಇಂಥ ಕಡೆ ಹೊರಗಿನವರು ಸರ್ವೆ ಮಾಡೋಕೆ ಆಗಲ್ಲ, ಚೀನಾದಲ್ಲಿ ಹೊರಗಿನವರಿಗೋಸ್ಕರ ಸರ್ವೆ ಮಾಡಬೇಕಂದ್ರೆ ಸರ್ಕಾರದ ಅನುಮತಿ ಬೇಕು, ಯುದ್ಧ ನಡೀತಿರೋ ಕಡೆ ಹೋಗೋಕೇ ಆಗಲ್ಲ. ಅಲ್ಲಿರೋರಿಗೂ ಅಮೆರಿಕದ ಬಗ್ಗೆ, ಚೀನಾ ಬಗ್ಗೆ, ದೇವರ ಬಗ್ಗೆ, ತಮ್ಮನ್ನ ಆಳೋರ ಬಗ್ಗೆ ಒಂದು ಮತ ಇದ್ದೇ ಇರುತ್ತೆ, ಬಹುಶಃ ಮನೆಯೊಳಗೆ ಬಾಗಿಲು ಹಾಕ್ಕೊಂಡು ಹೇಳ್ಕೊಳ್ತಾರೆ.